ಉಮಾಮಹೇಶ್ವರಿಯ ಹ್ಯಾಂಡಲ್ ಒಲ್ಲೆ ಎಂದದ್ದು

ಉಮಾಮಹೇಶ್ವರಿಯ ಗಾಡಿಯ ಹ್ಯಾಂಡಲ್ ಒಂದು ವಾರದಿಂದ ಒಲ್ಲೆ, ಒಲ್ಲೆ ಎಂದು ತಲೆಯಾಡಿಸುತ್ತಿತ್ತು. ಈ ಗುಟ್ಟು ಅವಳಿಗೂ ಹ್ಯಾಂಡಲ್‌ಗೂ ಬಿಟ್ಟರೆ ಇನ್ನಾರಿಗೂ ಗೊತ್ತಿರಲಿಲ್ಲ. ಆದರೆ ಆ ಗುರುವಾರ ಬೆಳಿಗ್ಗೆ ಅವಳ ಗಂಡ ಜ್ಞಾನೇಶನ ಸ್ಕೂಟರ್ ಸ್ಟಾರ್ಟ್ ಆಗಲಿಲ್ಲ. ಆಫೀಸಿಗೆ ಹೊತ್ತಾಯಿತೆಂದು ಅವನು, ಎಂದೂ ಇಲ್ಲದವನು, ಅವಳ ಗಾಡಿಯ ಹಿಂದಿನ ಡಬ್ಬಿಯಲ್ಲಿ ರೊಟ್ಟಿ ಬುಟ್ಟಿಗಳ ಪಕ್ಕ ಅಂಚಿಗೆ ಕೂತು, "ಬಸ್‌ಸ್ಟಾಪ್‌ವರೆಗೆ ಬಿಡೇ" ಎಂದ. ಅಷ್ಟೇ ಸಾಕಾಯಿತು.

ಗಾಡಿ ಮುಂದಿನಿಂದ ನೋಡಿದರೆ ಮೋಟಾರ್ ಸೈಕಲ್ಲು, ಹಿಂದಿನಿಂದ ನೋಡಿದರೆ ಸಾಮಾನಿನ ಆಟೋ. ಮುಂದೆ ಒಂದು ಗಾಲಿ, ಹಿಂದೆ ಎರಡು ಗಾಲಿ, ಆ ಎರಡರ ಮೇಲೆ ಉದ್ದನೆಯ ತಗಡಿನ ಡಬ್ಬಿ. ಗೋಪಾಳದ ಮುಖ್ಯರಸ್ತೆಗೆ ಬಂದು ಸ್ಪೀಡಿನ ಮುಳ್ಳು ಮೂವತ್ತು ಮುಟ್ಟಿತೋ ಇಲ್ಲವೋ, ಗಂಡಿನ ಸಂಬಳ ಎಷ್ಟೆಂದು ಕೇಳಿ ತಿಳಿದ ಸೋದರತ್ತೆಯ ಹಾಗೆ ಹ್ಯಾಂಡಲ್ ಎಡಕ್ಕೂ ಬಲಕ್ಕೂ ತಲೆಯಾಡಿಸತೊಡಗಿತು.

"ಏಯ್, ಏಯ್! ಇದೇನೇ ಇದು? ನಿಲ್ಸೇ!"

ಗಾಡಿ ಪೂರ್ತಿ ನಿಲ್ಲುವ ಮೊದಲೇ ಜ್ಞಾನೇಶ್ ಊಟದ ಡಬ್ಬಿಯನ್ನು ಎದೆಗೆ ಅವುಚಿಕೊಂಡು ಹಾರಿದ. ಆಫೀಸಿನ ಕಡೆಗೆ ಹೋಗಲಿಲ್ಲ. ನೇರ ಮನೆಯ ಕಡೆಗೆ ನಡೆದ. ಉಮಾಮಹೇಶ್ವರಿ ಅವನ ಹಿಂದೆ, ನಡೆಯುವ ವೇಗದಲ್ಲಿ ಗಾಡಿ ಬಿಟ್ಟುಕೊಂಡು ಬಂದಳು. ಆ ವೇಗದಲ್ಲಿ ಹ್ಯಾಂಡಲ್ ಹಸುಗೂಸಿನಂತೆ ಸುಮ್ಮನಿತ್ತು.

ಮನೆಯ ಮುಂದೆ ವಿಚಾರಣೆ ನಡೆಯಿತು.

"ಎಷ್ಟು ದಿನದಿಂದ ಹಿಂಗೆ?"

"ಈಗ... ಈಗ್ಲೇ ಶುರುವಾಗಿದ್ದು ರೀ."

ಸುಳ್ಳು ಹೇಳುವಾಗ ಅವಳ ದನಿ ಹಾಲಿನ ಕೆನೆಯಷ್ಟು ತೆಳ್ಳಗಾಗುತ್ತದೆ ಎಂಬುದು ಹದಿನೆಂಟು ವರ್ಷ ಸಂಸಾರ ಮಾಡಿದ ಜ್ಞಾನೇಶನಿಗೆ ಗೊತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಅತ್ತೆ ಹಾಲಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡರು. "ನಾನು ಅವತ್ತೇ ಹೇಳಿರ್ಲಿಲ್ವಾ? ರೊಟ್ಟಿ ಬಡಿಯೋ ಕೈಗೆ ಇದೆಲ್ಲ ಯಾಕೆ ಅಂತ? ನನ್ನೆದೆ ನೋಡು, ಹೆಂಗೆ ಹೊಡ್ಕೊಳ್ತಾ ಇದೆ!"

"ನೋಡು ಉಮಾ," ಎಂದ ಜ್ಞಾನೇಶ್, ಆಫೀಸಿನಲ್ಲಿ ಅರ್ಜಿ ತಿರಸ್ಕರಿಸುವಾಗಿನ ಮೆಲುದನಿಯಲ್ಲಿ. "ಸಂಜೆ ಆಯನೂರಿಂದ ಸತೀಶ ಬರ್ತಾನೆ. ಅವನ ಅಂಗಡಿಗೆ ಇಂಥದ್ದೊಂದು ಗಾಡಿ ಬೇಕಂತೆ, ಯಾವಾಗಿಂದ್ಲೋ ಕೇಳ್ತಿದಾನೆ. ಅಷ್ಟರೊಳಗೆ ಇದು ನೆಟ್ಟಗಾಯ್ತಾ, ಇಟ್ಕೋ. ನಾನು ಇನ್ನೊಂದ್ಸಲ ಮಾತೆತ್ತಲ್ಲ. ಅಲ್ಲಾಡ್ತಾ, ಅವನು ಹೊಡ್ಕೊಂಡು ಹೋಗ್ತಾನೆ. ಮಾತು ಅಂದ್ರೆ ಮಾತು."

ಸತೀಶ ಜ್ಞಾನೇಶನ ಚಿಕ್ಕಪ್ಪನ ಮಗ. ಸಿಮೆಂಟು, ಕಬ್ಬಿಣದ ಅಂಗಡಿಯವನು. ಉಮಾಮಹೇಶ್ವರಿಯ ಕಣ್ಣಮುಂದೆ ರೊಟ್ಟಿಯ ಡಬ್ಬಿಯಲ್ಲಿ ಸಿಮೆಂಟಿನ ಮೂಟೆಗಳು ಸಾಲಾಗಿ ಮಲಗಿದವು.

ಅವಳು ಸ್ವಭಾವದಿಂದಲೇ ಹೆದರುಪುಕ್ಕಲಿ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬೀದಿಯ ತಿರುವಿನಿಂದ ವಾಪಸು ಬಂದು ನೋಡುವವಳು. ಬಿ.ಎ. ಓದಿದ್ದರೂ ಬಸ್ಸಿನ ಬೋರ್ಡು ಓದಿದ ಮೇಲೆ ಕಂಡಕ್ಟರನ್ನೂ ಕೇಳಿಯೇ ಹತ್ತುವವಳು. ಎರಡು ಗಾಲಿಯ ಮೇಲೆ ಕೂರುವುದು ಅವಳ ಕೈಲಾಗದ ಕೆಲಸ. ಮೂರು ಗಾಲಿಯದು ಬೀಳುವುದಿಲ್ಲವಲ್ಲ ಎಂಬ ಒಂದೇ ಧೈರ್ಯದ ಮೇಲೆ, ರೊಟ್ಟಿ ಮಾರಿ ಕೂಡಿಟ್ಟದ್ದರಲ್ಲಿ ಇದನ್ನು ಕೊಂಡಿದ್ದಳು. ಅದಕ್ಕೆ ಮುಂಚೆ ಭದ್ರಾವತಿಯ ಖಾನಾವಳಿಗೆ ರೊಟ್ಟಿ ಬುಟ್ಟಿಗಳನ್ನು ಬಸ್ಸಿನಲ್ಲಿ ಒಯ್ಯುತ್ತಿದ್ದಾಗ ಯಾರಾದರೂ ಒಬ್ಬರು ಅವುಗಳ ಮೇಲೆ ಕೂತೇ ಕೂರುತ್ತಿದ್ದರು. ಈಗ ಹೋಗಿಬರುವ ಅಷ್ಟು ಹೊತ್ತು ಯಾರೂ ಅವಳನ್ನು ಏನೂ ಕೇಳುವುದಿಲ್ಲ, ಏನೂ ತರಲು ಹೇಳುವುದಿಲ್ಲ. ಹೆಲ್ಮೆಟ್ಟಿನೊಳಗೆ ಅವಳದೇ ಒಂದು ಕೋಣೆ. ಹ್ಯಾಂಡಲ್ ಅಲ್ಲಾಡಿದರೆ ಪ್ರಾಣಭಯ. ಗಾಡಿ ಹೋದರೆ ಆ ಕೋಣೆಯೇ ಹೋದ ಹಾಗೆ. ಎರಡು ಹೆದರಿಕೆಗಳಲ್ಲಿ ಯಾವುದು ದೊಡ್ಡದೆಂದು ತೂಗಿನೋಡಿ ಅವಳು ಹೆಲ್ಮೆಟ್ ಹಾಕಿಕೊಂಡಳು.

ಎದುರು ಮನೆಯ ವೀಣಾ ಗೇಟಿಗೆ ಗದ್ದ ಊರಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಉಮಕ್ಕಾ, ನಮ್ಮ ತಮ್ಮನ ಗಾಡೀನೂ ಹಿಂಗೇ ಅಲ್ಲಾಡ್ತಿತ್ತು."

"ಹೌದಾ? ಆಮೇಲೆ ಏನ್ ಮಾಡಿದ್ರು?"

"ಆಮೇಲೆ ಅವನ ಕಾಲಿಗೆ ರಾಡ್ ಹಾಕಿದ್ರು."

ಉಮಾಮಹೇಶ್ವರಿ ಹೆಲ್ಮೆಟ್ಟಿನ ಪಟ್ಟಿಯನ್ನು ಇನ್ನೂ ಒಂದು ತೂತು ಬಿಗಿ ಮಾಡಿಕೊಂಡಳು.

ಅಷ್ಟರಲ್ಲಿ ಪಕ್ಕದ ಮನೆಯಿಂದ ಮುರುಗೇಶಪ್ಪ ಟವೆಲ್ ಹೆಗಲಿಗೆ ಹಾಕಿಕೊಂಡು ಬಂದರು. ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಫೋರ್‌ಮನ್ ಆಗಿ ನಿವೃತ್ತರಾದವರು. ಎರಡು ಚೀಲ ಅಕ್ಕಿಯಷ್ಟು ಆಳು. ಬೀದಿಯ ಮಿಕ್ಸಿ, ಗೇಟು, ನಲ್ಲಿ, ಯಾವುದು ಕೆಟ್ಟರೂ ಕರೆಯುವ ಮುಂಚೆ ಬರುವರು, ಸರಿಯಾಗುವ ಮುಂಚೆ ಹೋಗುವರು.

"ಕೋನ್ ಸೆಟ್ಟು," ಎಂದರು, ಗಾಡಿಯನ್ನು ಮುಟ್ಟದೆಯೇ.

"ಏನದು?"

"ಹ್ಯಾಂಡಲ್ ಬುಡದಲ್ಲಿ ಬೇರಿಂಗ್ ಇರುತ್ತಲ್ಲ ತಾಯಿ, ಅದು. ಸಡ್ಲಾಗಿದೆ. ನಡಿ, ನಾನೂ ಬರ್ತೀನಿ. ಕಬ್ಬಿಣ ನನ್ನ ಮಾತು ಕೇಳುತ್ತೆ."

ಬೇಡ ಎನ್ನುವಷ್ಟರಲ್ಲಿ ಅವರು ಡಬ್ಬಿಯ ಕಟ್ಟಕಡೆಯ ಅಂಚಿನಲ್ಲಿ, ಬುಟ್ಟಿಗಳಿಗೂ ಹಿಂದೆ, ಕಾಲು ಇಳಿಬಿಟ್ಟು ರಸ್ತೆಗೆ ಮುಖಮಾಡಿ ಕೂತಾಗಿತ್ತು. "ನಂಗೆ ಗಾಳಿ ಬೇಕು," ಎಂದರು. ಬುಟ್ಟಿಗಳನ್ನು ಉಮಾಮಹೇಶ್ವರಿ ಯಾವಾಗಲೂ ಹಿಂದಿನ ಕೊನೆಗೇ ಒತ್ತಿ ಇಡುತ್ತಿದ್ದಳು. ಪೆಟ್ರೋಲಿನ ಟ್ಯಾಂಕಿಗೂ ರೊಟ್ಟಿಗೂ ನಡುವೆ ಎಷ್ಟು ದೂರವಿದ್ದರೆ ಅಷ್ಟು ಒಳ್ಳೆಯದು ಎಂಬುದು ಅವಳ ಎಚ್ಚರ. ವಾಸನೆ ಹಿಡಿದ ಒಂದೇ ಒಂದು ರೊಟ್ಟಿ ಸಾಕು, ವ್ಯಾಪಾರ ಮುಗಿಯಲು.

ತುಂಗಾ ಸೇತುವೆಯ ಮೇಲೆ ಮುಳ್ಳು ಮೂವತ್ತಕ್ಕೆ ಬಂತು. ಹ್ಯಾಂಡಲ್ ತಲೆಯಾಡಿಸಿತು. ಹೆದರಿಕೆಗೆ ನಿಧಾನ ಮಾಡಿದರೆ ಹಿಂದಿನವರು ಹಾರ್ನ್ ಹೊಡೆಯುವರು, ಜೋರು ಮಾಡಲು ಧೈರ್ಯವಿಲ್ಲ. ಹೀಗಾಗಿ ಅವಳು ಸರಿಯಾಗಿ ಅದು ಎಲ್ಲಿ ಅಲ್ಲಾಡುತ್ತದೋ ಅದೇ ವೇಗದಲ್ಲಿ, ಹಲ್ಲು ಕಚ್ಚಿಕೊಂಡು ಸೇತುವೆ ದಾಟತೊಡಗಿದಳು. ಕೆಳಗೆ ಹೊಳೆ ಬೇಕೆಂದೇ ಹೊಳೆಯುತ್ತಿದ್ದಂತೆ ಕಂಡಿತು.

ಹಿಂದಿನಿಂದ ಮುರುಗೇಶಪ್ಪನವರ ವಾರ್ತೆ ಶುರುವಾಯಿತು. "ತಾಯಿ, ಲಾರಿ ಬರ್ತಾ ಇದೆ."

"ಹ್ಞಾಂ."

"ದೊಡ್ಡದು."

"ಹ್ಞಾಂ!"

"ಡ್ರೈವರ್ ಫೋನಲ್ಲಿ ಮಾತಾಡ್ತಿದಾನೆ. ನಗ್ತಾ ಇದಾನೆ. ಹೆಂಡ್ತಿ ಹತ್ರ ಅಂತೂ ಅಲ್ಲ."

"ಹೇಳ್ಬೇಡಿ ಮುರುಗೇಶಪ್ಪನೋರೆ! ಏನೂ ಹೇಳ್ಬೇಡಿ!"

"ಹೇಳ್ದೆ ಇದ್ರೆ ಬರೋದು ನಿಲ್ಲುತ್ತಾ ಮಾರಾಯ್ತಿ?"

ವಿದ್ಯಾನಗರಕ್ಕೆ ಬಂದು ಮುಟ್ಟುವ ಹೊತ್ತಿಗೆ ಅವಳ ಬೆರಳುಗಳು ಹ್ಯಾಂಡಲ್‌ಗೆ ಅಂಟಿಹೋಗಿದ್ದವು. ಒಂದೊಂದಾಗಿ ಬಿಡಿಸಿಕೊಂಡು ಪಂಚರ್ ಅಂಗಡಿಯವನ ಮುಂದೆ ಇಳಿದಳು. ಯಾರೂ ಗಾಡಿ ಮುಟ್ಟುವ ಮುಂಚೆ ಬುಟ್ಟಿಗಳನ್ನೆಲ್ಲ ಇಳಿಸಿ ದೂರದ ಕಟ್ಟೆಯ ಮೇಲಿಟ್ಟು ಬಟ್ಟೆ ಮುಚ್ಚಿದಳು. ಗ್ರೀಸಿನ ಕೈ ರೊಟ್ಟಿಗೆ ತಾಗಬಾರದು. ಮುರುಗೇಶಪ್ಪ ಇಳಿದು ಟೀ ಹುಡುಕಲು ಹೋದರು. ಅಂಗಡಿಯವನು ಗಾಡಿ ಹತ್ತಿ ಒಂದು ಸುತ್ತು ಹೋಗಿ ಬಂದ.

"ಏನೂ ಇಲ್ವಲ್ರೀ. ಬೆಣ್ಣೆ ಥರ ಹೋಗ್ತಿದೆ."

"ಮೂವತ್ತರಲ್ಲಿ ನೋಡಿದ್ರಾ?"

"ಮೂವತ್ತು, ನಲವತ್ತು, ಐವತ್ತು, ಎಲ್ಲ ನೋಡ್ದೆ. ಕೈ ಬಿಟ್ಟೇ ಬಂದೆ."

ಮನೆಯಲ್ಲಿ ಕುದಿಯುತ್ತಿದ್ದು ಡಾಕ್ಟರ ಬಾಗಿಲು ಕಂಡೊಡನೆ ಇಳಿಯುವ ಜ್ವರದ ಹಾಗೆ ಗಾಡಿ ಅವಳ ಮಾನ ಕಳೆಯಿತು. ಬಂದವರನ್ನು ಬರಿಗೈಯಲ್ಲಿ ಕಳಿಸಬಾರದೆಂದು ಅಂಗಡಿಯವನು ಮೂರು ಟೈರಿಗೂ ಕಲ್ಲಿನಂತೆ ಗಾಳಿ ತುಂಬಿದ. ಬುಟ್ಟಿಗಳು ಮತ್ತೆ ಹಿಂದಕ್ಕೆ ಹತ್ತಿದವು, ಮುರುಗೇಶಪ್ಪ ಅವುಗಳ ಹಿಂದೆ ಹತ್ತಿದರು. ಮಲವಗೊಪ್ಪ ಬರುವಷ್ಟರಲ್ಲಿ ಹ್ಯಾಂಡಲ್ ತಲೆಯಾಡಿಸುವುದರ ಜೊತೆಗೆ ಕುಣಿಯುವುದನ್ನೂ ಕಲಿತಿತ್ತು.

ಮಾಚೇನಹಳ್ಳಿಯಲ್ಲಿ ಮಲ್ಲಿಕ್ ಎಂಬವನ ಗ್ಯಾರೇಜು ಸಿಕ್ಕಿತು. ಮತ್ತೆ ಬುಟ್ಟಿಗಳು ಇಳಿದವು, ಮತ್ತೆ ಮುರುಗೇಶಪ್ಪ ಇಳಿದರು. ಮಲ್ಲಿಕ್ ಕಾರ್ಖಾನೆಗಳ ಬೀದಿಯಲ್ಲಿ ಎರಡು ಸುತ್ತು ಹೋಗಿ ಬಂದು, ಗಾಡಿಯನ್ನು ಬಿಟ್ಟು ಅವಳನ್ನೇ ಅಡಿಯಿಂದ ಮುಡಿಯವರೆಗೆ ನೋಡಿದ.

"ಮೇಡಂ, ಒಂದ್ ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಬೆಳಿಗ್ಗೆ ತಿಂಡಿ ತಿಂದಿದೀರಾ?"

"ಯಾಕೆ?"

"ಗಾಡಿ ಅಲ್ಲಾಡ್ತಿಲ್ಲ. ನಿಮ್ ಕೈ ಅಲ್ಲಾಡ್ತಿದೆ."

ಉಮಾಮಹೇಶ್ವರಿ ಕೈ ನೋಡಿಕೊಂಡಳು. ನಿಜಕ್ಕೂ ನಡುಗುತ್ತಿತ್ತು. ಅವಳ ಎದೆಯಲ್ಲಿ ಹೊಸದೊಂದು ಭಯ ಬಂದು ಕೂತಿತು: ಕೆಟ್ಟಿರುವುದು ನಾನೇ ಇರಬಹುದೇ? ಅದಕ್ಕೆ ಯಾವ ಗ್ಯಾರೇಜಿಗೆ ಹೋಗುವುದು? ಅವಳ ದೊಡ್ಡಮ್ಮನಿಗೆ ಮೊದಲು ಕೈ ನಡುಗಿ ಆಮೇಲೆ ತಲೆ ನಡುಗಿ...

"ಅದೆಲ್ಲ ಇಲ್ಲ!" ಮುರುಗೇಶಪ್ಪ ಗುಡುಗಿದರು. "ಕೋನ್ ಸೆಟ್ಟು ಅಂದೆನಲ್ಲ? ಕೊಡಪ್ಪ ಇಲ್ಲಿ ಸ್ಪ್ಯಾನರ್."

"ಅಂಕಲ್, ಅದು ಸರಿಯಾಗೇ ಇದೆ."

"ನೀನು ಹುಟ್ಟೋಕೆ ಮುಂಚೆ ನಾನು ಕ್ರೇನ್ ಬಿಗಿ ಮಾಡಿದೀನಿ. ಕೊಡು."

ಅವರು ಟವೆಲ್ ತಲೆಗೆ ಸುತ್ತಿಕೊಂಡು ಹ್ಯಾಂಡಲ್ ಬುಡದ ನಟ್ಟಿಗೆ ಸ್ಪ್ಯಾನರ್ ಹಾಕಿ, ಉಸಿರು ಕಟ್ಟಿ ತಿರುಗಿಸಿದರು. ಮಲ್ಲಿಕ್ "ಸಾಕು ಅಂಕಲ್" ಎಂದ. ಇನ್ನೊಂದು ಸುತ್ತು ತಿರುಗಿಸಿದರು. "ಅಂಕಲ್, ಬೇರಿಂಗ್ ಅಳ್ತಾ ಇದೆ" ಎಂದ. "ಅಳ್ಲಿ. ಅತ್ತ ಮೇಲೆ ಮಕ್ಕಳು ಸುಮ್ನಾಗ್ತಾವೆ" ಎಂದು ಮತ್ತೊಂದು ಸುತ್ತು ತಿರುಗಿಸಿದರು.

ಮತ್ತೆ ಹೊರಟರು. ಮೂವತ್ತು ಬಂತು. ಹ್ಯಾಂಡಲ್ ಅಲ್ಲಾಡಲಿಲ್ಲ. ಮೂವತ್ತೈದು ಬಂತು. ಊಹುಂ. ಉಮಾಮಹೇಶ್ವರಿಗೆ ಅಳು ಬರುವಷ್ಟು ಸಂತೋಷವಾಯಿತು. ಆ ಸಂತೋಷ ರಸ್ತೆ ನೆಟ್ಟಗಿರುವವರೆಗೆ ಇತ್ತು.

ಬೀದಿ ಎಡಕ್ಕೆ ತಿರುಗಿತು. ಅವಳೂ ಎಡಕ್ಕೆ ತಿರುಗಿಸಿದಳು. ಗಾಡಿ ತಿರುಗಲಿಲ್ಲ. ಹ್ಯಾಂಡಲ್ ಸಿಮೆಂಟಿನಲ್ಲಿ ನೆಟ್ಟ ಕಂಬದ ಹಾಗಿತ್ತು. "ಅಯ್ಯೋ, ತಿರುಗ್ತಿಲ್ಲ!" ಎಂದು ಕೂಗಿದಳು. "ಅಲ್ಲಾಡ್ತಿಲ್ಲ ಅಲ್ವಾ?" ಎಂದು ಹಿಂದಿನಿಂದ ಹೆಮ್ಮೆಯ ದನಿ ಬಂತು. ಎದುರಿಗೆ ಲಾರಿಗಳನ್ನು ತೂಗುವ ವೇಬ್ರಿಡ್ಜಿನ ಗೇಟು ಹಾರುಹೊಡೆದಿತ್ತು. ಅವಳು ಕಣ್ಣು ಮುಚ್ಚಿ, ಇದ್ದಬದ್ದ ಬ್ರೇಕನ್ನೆಲ್ಲ ಹಿಡಿದಳು. ಕಣ್ಣು ಬಿಟ್ಟಾಗ ಗಾಡಿ ತೂಕದ ಕಬ್ಬಿಣದ ಹಾಸಿನ ನಟ್ಟನಡುವೆ, ಯಾರೋ ಅಳತೆ ಮಾಡಿ ತಂದಿಟ್ಟ ಹಾಗೆ ನಿಂತಿತ್ತು.

ಕಂಬಕ್ಕೆ ಕಟ್ಟಿದ ಮೈಕು ಗೊರಗೊರ ಎಂದಿತು. ಗಾಜಿನ ಕಿಟಕಿಯ ಹಿಂದೆ ಚೌಡಪ್ಪ ಎಂಬ ತೂಕದವನು ಕೂತಿದ್ದ. ಮುಖ ಎತ್ತಿ ನೋಡುವ ಅಭ್ಯಾಸ ಅವನಿಗಿರಲಿಲ್ಲ.

"ಮಾಲು ಯಾವುದು?"

"ರೊಟ್ಟಿ!" ಎಂದರು ಮುರುಗೇಶಪ್ಪ.

"ಲೋಡಾ, ಖಾಲಿನಾ?"

"ನಾನಿದೀನಿ, ಕಾಣ್ತಿಲ್ವೇನಯ್ಯಾ?"

"ಹಂಗಾದ್ರೆ ಲೋಡು. ಡ್ರೈವರ್ ಕೆಳಗಿಳೀಬೇಕು."

"ಇಳಿಯೋಕೆ ಆಗ್ತಿಲ್ಲ," ಎಂದಳು ಉಮಾಮಹೇಶ್ವರಿ. ಅವಳು ಬ್ರೇಕನ್ನು ಇನ್ನೂ ಹಿಡಿದೇ ಇದ್ದಳು. ಹಿಂದೆ ಕಬ್ಬಿಣದ ಸರಳು ತುಂಬಿದ ಲಾರಿ ಬಂದು ನಿಂತು ಹಾರ್ನ್ ಹೊಡೆಯಿತು. ಅದರ ಹಿಂದೆ ಇನ್ನೊಂದು. ಹ್ಯಾಂಡಲ್ ತಿರುಗದೆ ಗಾಡಿ ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು. ಕೊನೆಗೆ ಫೋನು ಮಾಡಿ ಕರೆದ ಮೇಲೆ ಮಲ್ಲಿಕ್ ಬೈಕಿನಲ್ಲಿ ಬಂದು, ಮುರುಗೇಶಪ್ಪ ಬಿಗಿದದ್ದನ್ನೆಲ್ಲ ಸಡಿಲಿಸಿ, ಮೊದಲು ಇದ್ದಲ್ಲಿಗೇ ತಂದು ನಿಲ್ಲಿಸಿದ. "ಮೇಡಂ, ಇನ್ನು ಮೇಲೆ ನೀವು ಗಾಡಿ ತನ್ನಿ, ಅಂಕಲ್‌ನ ತರ್ಬೇಡಿ," ಎಂದ. ಚೌಡಪ್ಪ ಮೈಕಿನಲ್ಲೇ "ಮುಂದಿನ ಲೋಡು" ಎಂದ.

ಅಲ್ಲಿಂದ ಮುಳ್ಳು ಮೂವತ್ತು ಮುಟ್ಟದ ಹಾಗೆ ನಿಧಾನವಾಗಿ ಬಂದರೆ, ಭದ್ರಾವತಿಯ ಹಳೇನಗರದಲ್ಲಿ ಖಾನಾವಳಿಯ ಯಲ್ಲಮ್ಮ ಸೊಂಟಕ್ಕೆ ಕೈಯಿಟ್ಟು ಬಾಗಿಲಲ್ಲೇ ಕಾಯುತ್ತಿದ್ದಳು. "ಏನ್ರೀ ಅಕ್ಕಾ, ಊಟಕ್ಕೆ ಕುಂತೋರು ತಟ್ಟೆ ಬಡೀತಿದಾರೆ! ರೊಟ್ಟಿ ಎತ್ತಿನ ಗಾಡೀಲಿ ಬಂತಾ?" ಎಂದವಳು ಉಮಾಮಹೇಶ್ವರಿಯ ಮುಖ ನೋಡಿ, ಒಂದು ಲೋಟ ಮಜ್ಜಿಗೆ ಕೈಗಿತ್ತಳು. ಮುರುಗೇಶಪ್ಪ ತಾವು ತಂದ ರೊಟ್ಟಿಯನ್ನು ತಾವೇ ಪರೀಕ್ಷೆ ಮಾಡಬೇಕೆಂದು ಊಟಕ್ಕೆ ಕೂತರು.

ಉಮಾಮಹೇಶ್ವರಿಗೆ ಊಟ ಇಳಿಯುವಂತಿರಲಿಲ್ಲ. ಸಂಜೆ ಹತ್ತಿರವಾಗುತ್ತಿತ್ತು, ಆಯನೂರಿನಿಂದ ಸತೀಶ ಹೊರಡುವ ಹೊತ್ತು. ಕೊನೆಯ ಸಲ ನೋಡೋಣವೆಂದು, ಖಾಲಿ ಗಾಡಿಯಲ್ಲಿ ಒಬ್ಬಳೇ ಭದ್ರಾ ಸೇತುವೆಯ ಮೇಲೆ ಹೋದಳು. ಇಪ್ಪತ್ತೈದು. ಮೂವತ್ತು. ಉಸಿರು ಬಿಗಿಹಿಡಿದು ಹ್ಯಾಂಡಲನ್ನು ಬೆರಳ ತುದಿಯಲ್ಲಿ ಮಾತ್ರ ಹಿಡಿದಳು. ಅಲ್ಲಾಡಲಿಲ್ಲ! ವಾಪಸು ಬಂದಳು. ಅಲ್ಲಾಡಲಿಲ್ಲ! ಮಲ್ಲಿಕನ ಕೈಗುಣವೇ ಇರಬೇಕೆಂದು ಅಲ್ಲೇ ನಿಂತು ಗಂಡನಿಗೆ ಫೋನು ಮಾಡಿದಳು. "ರೀ, ಸರಿಹೋಯ್ತು ರೀ! ಸತೀಶಂಗೆ ಬರ್ಬೇಡ ಅನ್ನಿ."

"ಆಗ್ಲೇ ಹೊರಟಿದಾನೆ. ಬರ್ಲಿ, ನೋಡ್ಲಿ. ನಾನೂ ನೋಡ್ತೀನಿ," ಎಂದ ಜ್ಞಾನೇಶ್. ಹಿಂದಿನಿಂದ "ಸರಿಹೋಯ್ತಂತಾ?" ಎಂದು ಹಾಲಮ್ಮನ ದನಿ ಕೇಳಿಸಿತು.

ಊಟ ಮುಗಿಸಿದ ಮುರುಗೇಶಪ್ಪ ತೇಗುತ್ತ ಬಂದು, ಖಾಲಿ ಬುಟ್ಟಿಗಳ ಹಿಂದೆ ತಮ್ಮ ಅಂಚಿನಲ್ಲಿ ವಿರಾಜಮಾನರಾದರು. ಗಾಡಿ ಸೇತುವೆಯ ನಡುವಿಗೆ ಬಂತು. ಹ್ಯಾಂಡಲ್ ಒಲ್ಲೆ ಎಂದಿತು. ಒಲ್ಲೆ, ಒಲ್ಲೆ, ಒಲ್ಲೆ ಎಂದರೆ ಒಲ್ಲೆ!

ಉಮಾಮಹೇಶ್ವರಿ ಗಾಡಿಯನ್ನು ಅಂಚಿಗೆ ತಂದು ನಿಲ್ಲಿಸಿದಳು. ಹೆದರಿಕೆ ಒಂದು ಹದ ಮೀರಿದ ಮೇಲೆ ಅವಳ ತಲೆ ತಣ್ಣಗೆ ಕೆಲಸ ಮಾಡಲು ಶುರುಮಾಡುತ್ತಿತ್ತು. ಗ್ಯಾಸ್ ಆರಿಸಿದೆನೇ ಎಂದು ನೆನಪಿಸಿಕೊಳ್ಳುವಾಗ ಹೇಗೆ ಅಡಿಗೆಮನೆಯ ಒಂದೊಂದೇ ಮೂಲೆಯನ್ನು ನೋಡುವಳೋ ಹಾಗೆ ಬೆಳಗಿನಿಂದ ಆದದ್ದನ್ನೆಲ್ಲ ಮತ್ತೆ ನೋಡಿದಳು. ಪಂಚರ್ ಅಂಗಡಿಯಲ್ಲಿ ಬುಟ್ಟಿ ಇಳಿಸಿದೆ, ಇವರು ಇಳಿದರು. ಅಲ್ಲಾಡಲಿಲ್ಲ. ಗ್ಯಾರೇಜಿನಲ್ಲಿ ಬುಟ್ಟಿ ಇಳಿಸಿದೆ, ಇವರು ಇಳಿದರು. ಅಲ್ಲಾಡಲಿಲ್ಲ. ಈಗ ರೊಟ್ಟಿಯಿಲ್ಲ, ಇವರಿದ್ದಾರೆ...

"ಮುರುಗೇಶಪ್ಪನೋರೆ, ಸ್ವಲ್ಪ ಮುಂದೆ ಬನ್ನಿ."

"ಎಲ್ಲಿಗೆ?"

"ಡಬ್ಬಿಯ ಮುಂದಿನ ತುದಿಗೆ. ನನ್ನ ಸೀಟಿಗೆ ಒತ್ತಿ ಕೂತ್ಕೊಳ್ಳಿ."

ಮುರುಗೇಶಪ್ಪ ಟವೆಲಿನಿಂದ ಮುಖ ಮುಚ್ಚಿಕೊಂಡರು. "ನನ್ನ ಸರ್ವಿಸ್ ಎಲ್ಲ ಇದೇ ಊರಲ್ಲಿ ಆಗಿದ್ದು ಮಾರಾಯ್ತಿ! ನಾಲ್ಕು ಜನ ನೋಡಿದ್ರೆ ಏನಂತಾರೆ?"

"ಬೆನ್ನಿಗೆ ಬೆನ್ನು ಮಾಡಿ ಕೂತ್ಕೊಳ್ಳಿ. ನಿಮ್ಮ ಕಾಲಿಗೆ ಬೀಳ್ತೀನಿ."

ಅವರು ಮುಂದೆ ಬಂದರು. ಗಾಡಿ ಸೇತುವೆಯ ಕೊನೆಯವರೆಗೆ ದಾರ ಹಿಡಿದಂತೆ ಹೋಯಿತು. ಗಾಡಿ ತಿರುಗಿಸಿ, ಅವರನ್ನು ಹಿಂದೆ ಕೂರಿಸಿ ಈಚೆಗೆ ಬಂದಳು. ಒಲ್ಲೆ ಎಂದಿತು. ಮುಂದೆ ಕೂರಿಸಿದಳು. ಸುಮ್ಮನಾಯಿತು. ಹಿಂದೆ. ಒಲ್ಲೆ. ಆಟೋ ನಿಲ್ಲಿಸಿಕೊಂಡು ನೋಡುತ್ತಿದ್ದವನೊಬ್ಬ, "ಏನ್ ತಾತಾ, ಮ್ಯೂಸಿಕಲ್ ಚೇರಾ? ಹಾಡು ಹಾಕ್ಲಾ?" ಎಂದು ಕೂಗಿದ.

ಸಂಗತಿ ಅಷ್ಟೇ ಆಗಿತ್ತು. ಭಾರವೆಲ್ಲ ಹಿಂದಿನ ಗಾಲಿಗಳಿಗೂ ಆಚೆ ಬಿದ್ದರೆ, ಮಕ್ಕಳ ಏರಿಳಿ ಹಲಗೆಯ ಹಾಗೆ, ಮುಂದಿನ ಗಾಲಿ ಹಗುರಾಗಿ ನೆಲವನ್ನು ಮುಟ್ಟಿಯೂ ಮುಟ್ಟದೆ ಓಡುತ್ತಿತ್ತು. ಖಾನಾವಳಿಯಿಂದ ಕಳೆದ ವಾರವೇ ಹೆಚ್ಚು ರೊಟ್ಟಿಗೆ ಬೇಡಿಕೆ ಬಂದಿತ್ತು. ಅವಳು ಪೆಟ್ರೋಲಿನ ವಾಸನೆಗೆ ಹೆದರಿ ಅಷ್ಟನ್ನೂ ಕಟ್ಟಕಡೆಗೇ ಒಟ್ಟಿದ್ದಳು. ಹೆದರಿಕೆಯಿಂದ ತಪ್ಪಿಸಿಕೊಳ್ಳಲು ಮಾಡಿದ ಎಚ್ಚರಿಕೆಯೇ ಒಂದು ವಾರ ಅವಳನ್ನು ಹೆದರಿಸಿತ್ತು.

ವಾಪಸು ಬರುವ ದಾರಿಯಲ್ಲಿ ಅವಳು ಮೊದಲ ಬಾರಿಗೆ ಹ್ಯಾಂಡಲಿನಿಂದ ಕಣ್ಣು ತೆಗೆದು ರಸ್ತೆಯ ಆಚೀಚೆ ನೋಡಿದಳು. ಕಾರ್ಖಾನೆಯ ಗೋಡೆಗಳು, ಕಬ್ಬಿನ ಜ್ಯೂಸಿನ ಗಾಡಿ, ತಂತಿಯ ಮೇಲೆ ಒಣಗುವ ಸಮವಸ್ತ್ರಗಳು, ಎಲ್ಲ ಇಷ್ಟವಾದವು. ಮುರುಗೇಶಪ್ಪ ಬೆನ್ನ ಹಿಂದಿನಿಂದ, "ನಾನು ಕೂತ್ಕೊಂಡು ಕೂತ್ಕೊಂಡೇ ಕಂಡುಹಿಡಿದೆ ನೋಡು," ಎನ್ನುತ್ತಲೇ ಇದ್ದರು. ಅವಳು ಎಲ್ಲದಕ್ಕೂ ಹೌದೆಂದಳು.

ಮನೆಯ ಮುಂದೆ ಸತೀ‍ಶ ಬಂದಾಗಿತ್ತು. ಕೈಯಲ್ಲಿ ಅಳತೆಯ ಟೇಪು. "ಅತ್ತಿಗೆ, ಒಂದ್ನಿಮಿಷ," ಎಂದು ಡಬ್ಬಿಯ ಉದ್ದ ಅಳೆಯಲು ಬಗ್ಗಿದ.

"ಅಳೆಯೋದು ಆಮೇಲೆ. ಮೊದಲು ನೋಡು," ಎಂದಳು ಉಮಾಮಹೇಶ್ವರಿ. ಅವಳ ದನಿಯಲ್ಲಿ ನಡುಕವಿಲ್ಲದ್ದು ಕಂಡು ಜ್ಞಾನೇಶ್ ಕನ್ನಡಕ ಸರಿಮಾಡಿಕೊಂಡ. ಮುರುಗೇಶಪ್ಪನವರನ್ನು ಮುಂದಿನ ತುದಿಯಲ್ಲಿ ಕೂರಿಸಿಕೊಂಡು, ಮುಖ್ಯರಸ್ತೆಯವರೆಗೆ ಹೋಗಿ ಬಂದಳು. ಎಲ್ಲರ ಕಣ್ಣೆದುರು, ಸರಿಯಾಗಿ ಮೂವತ್ತರಲ್ಲಿ, ಎರಡೂ ಕೈಗಳನ್ನು ಹ್ಯಾಂಡಲಿನಿಂದ ಗೇಣುದ್ದ ಮೇಲೆತ್ತಿದಳು. ಮುಂದಿನ ಗಾಲಿ ಸೂಜಿಗೆ ದಾರ ಪೋಣಿಸುವವರ ಕೈಯ ಹಾಗೆ ನೆಟ್ಟಗಿತ್ತು. ಗೇಟಿನಲ್ಲಿದ್ದ ವೀಣಾ ಚಪ್ಪಾಳೆ ತಟ್ಟಿದಳು.

"ಆಯ್ತು," ಎಂದ ಜ್ಞಾನೇಶ್. "ಇಟ್ಕೋ. ಮಾತು ಅಂದ್ರೆ ಮಾತು."

ಉಮಾಮಹೇಶ್ವರಿ ಹೆಲ್ಮೆಟ್ ತೆಗೆದು ಎದೆಗೆ ಅವುಚಿಕೊಂಡಳು. ಸತೀಶ ಟೇಪನ್ನು ಸರ್ರನೆ ಒಳಗೆ ಬಿಟ್ಟ. ಅಷ್ಟರಲ್ಲಿ ಹಾಲಮ್ಮ ಮೆಟ್ಟಿಲು ಇಳಿದು ಬಂದು, ಮುಂದಿನ ಗಾಲಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಅವರ ಕಣ್ಣಲ್ಲಿ ನೀರು.

"ಅಜ್ಜಾ, ನಡೆಸಿಕೊಟ್ಟೆಯಪ್ಪಾ! ನನ್ನ ಮಾತು ಉಳಿಸಿದೆ!"

"ಯಾವ ಮಾತು ಅತ್ತೆ?"

"ಬೆಳಿಗ್ಗೆ ನೀನು ಹೋದ ಮೇಲೆ ನಂಗೆ ಜೀವ ನಿಲ್ಲಲಿಲ್ಲ ಕಣೇ. ಹಿಂದಿನ ಬೀದಿಯ ಅಜ್ಜನ ಗದ್ದುಗೆಗೆ ಹೋಗಿ ಹರಕೆ ಹೊತ್ತೆ. ನನ್ನ ಸೊಸೆ ಸುರಕ್ಷಿತ ಬರ್ಲಿ, ಗಾಡಿ ನೆಟ್ಟಗಾಗ್ಲಿ, ನೆಟ್ಟಗಾದ್ರೆ ಆ ಗಾಡೀನ ನಿನ್ನ ದಾಸೋಹಕ್ಕೇ ಬಿಟ್ಟುಬಿಡ್ತೀನಿ ಅಂತ."

ಉಮಾಮಹೇಶ್ವರಿಯ ಕೈಯಿಂದ ಹೆಲ್ಮೆಟ್ ಜಾರಿತು. "ಗಾಡೀನೇ? ನನ್ನ ಗಾಡೀನೇ?"

"ಮತ್ತೆ? ಪಾಪ, ದಾಸೋಹಕ್ಕೆ ತರಕಾರಿ ತರೋಕೆ ಅವರಿಗೆ ಏನೂ ಇಲ್ಲ. ಕೆಟ್ಟಿದ್ದನ್ನ ಅಜ್ಜಂಗೆ ಕೊಡೋಕಾಗುತ್ತಾ? ಅದಕ್ಕೇ ನೆಟ್ಟಗಾದ್ರೆ ಅಂದೆ. ನೀನು ಫೋನು ಮಾಡಿದ ತಕ್ಷಣ ಶಿವಯೋಗಪ್ಪಂಗೆ ಹೇಳಿಕಳಿಸ್ದೆ. ನೋಡು, ಬಂದೇಬಿಟ್ರು."

ಗದ್ದುಗೆಯನ್ನು ನೋಡಿಕೊಳ್ಳುವ ಶಿವಯೋಗಪ್ಪ ಒಂದು ಕೈಯಲ್ಲಿ ಚೆಂಡುಹೂವಿನ ಹಾರ, ಇನ್ನೊಂದರಲ್ಲಿ ವಿಭೂತಿಯ ತಟ್ಟೆ ಹಿಡಿದು ಬೀದಿಯ ತಿರುವಿನಲ್ಲಿ ಬರುತ್ತಿದ್ದರು.

ಉಮಾಮಹೇಶ್ವರಿ ಗಂಡನ ಕಡೆ ನೋಡಿದಳು. ಜ್ಞಾನೇಶ್ ಆಕಾಶದ ಕಡೆ ನೋಡಿದ. ಗಾಡಿಯ ವಿಷಯದಲ್ಲಿ ಅವನು ಹೆಂಡತಿಯನ್ನು ಎದುರಿಸಬಲ್ಲ, ಹರಕೆಯ ವಿಷಯದಲ್ಲಿ ತಾಯಿಯನ್ನಲ್ಲ. ಇನ್ನು ಅವಳೋ, ಬೆಕ್ಕು ಅಡ್ಡ ಬಂದರೆ ಬೀದಿಯನ್ನೇ ಬದಲಿಸುವವಳು. ತೀರಿಸದ ಹರಕೆಯೊಂದನ್ನು ಮನೆಯಲ್ಲಿಟ್ಟುಕೊಂಡು ಅವಳಿಗೆ ನಿದ್ದೆ ಬರುವುದುಂಟೇ? ಆದರೂ ಅತ್ತೆಯ ಹತ್ತಿರ ಸರಿದು ಕೇಳಿದಳು.

"ಅತ್ತೆ, ಒಂದು ವೇಳೆ... ಅಕಸ್ಮಾತ್... ಇನ್ನೂ ಅಲ್ಲಾಡ್ತಾ ಇದ್ರೆ?"

"ಅಲ್ಲಾಡಿದ್ರೆ ಹರಕೆ ಎಲ್ಲಿಂದ ಬಂತು? ಅಜ್ಜ ನಡೆಸಿಕೊಟ್ರೆ ತಾನೇ ನಾವು ಕೊಡೋದು."

ಅವಳ ಮುಖದಲ್ಲಿ ಒಂದು ಕ್ಷಣ ಬೆಳಕು ಸುಳಿಯಿತು. ಆಗ ಪಕ್ಕದಿಂದ ಸರ್ರ್ ಎಂಬ ಸದ್ದು ಬಂತು. ಸತೀಶ ಮತ್ತೆ ಟೇಪು ಹೊರಗೆಳೆದಿದ್ದ.

"ಅಲ್ಲಾಡಿದ್ರೆ ನಾನಿದೀನಲ್ಲ ಅತ್ತಿಗೆ. ಅಣ್ಣ ಮಾತು ಕೊಟ್ಟಿದಾನೆ."

"ಕೊಟ್ಟಿದೀನಿ," ಎಂದ ಜ್ಞಾನೇಶ್, ಇನ್ನೂ ಆಕಾಶವನ್ನೇ ನೋಡುತ್ತ.

ಶಿವಯೋಗಪ್ಪ ಗಾಡಿಯನ್ನು ಸುತ್ತುಹಾಕಿ ನೋಡಿದರು. ಹಾರ ಎತ್ತಿದವರು ಏನೋ ನೆನಪಾಗಿ ಕೆಳಗಿಳಿಸಿದರು. "ತಾಯೀ, ತಪ್ಪು ತಿಳೀಬೇಡಿ. ಅಜ್ಜನ ಸೇವೆಗೆ ಬರೋ ಗಾಡಿ. ನೆಟ್ಟಗೆ ಹೋಗುತ್ತೆ ಅಂತ ನನ್ನ ಕಣ್ಣಾರೆ ಒಂದ್ಸಲ ನೋಡಿ ಹಾರ ಹಾಕ್ತೀನಿ. ಒಂದು ಸುತ್ತು ಹೋಗ್ಬನ್ನಿ."

"ಹೂಂ, ನಾನೂ ಇನ್ನೊಂದ್ಸಲ ನೋಡ್ತೀನಿ," ಎಂದ ಸತೀಶ.

ಉಮಾಮಹೇಶ್ವರಿ ಗಾಡಿ ಹತ್ತಿ ಸ್ಟಾರ್ಟ್ ಮಾಡಿದಳು. ಎಡಕ್ಕೆ ಹಾರ ಹಿಡಿದ ಶಿವಯೋಗಪ್ಪ, ಬಲಕ್ಕೆ ಟೇಪು ಹಿಡಿದ ಸತೀಶ. ಬೀದಿಗೆ ಬೀದಿಯೇ ಗೇಟುಗಳಲ್ಲಿ ನಿಂತಿತ್ತು. ಮುರುಗೇಶಪ್ಪ ಬಹಳ ಉತ್ಸಾಹದಿಂದ ಟವೆಲ್ ಕೊಡವಿ, ಡಬ್ಬಿಯ ಮೇಲೆ ಒಂದು ಕಾಲಿಟ್ಟು, ಇಡೀ ಬೀದಿಗೆ ಕೇಳುವಂತೆ ಕೇಳಿದರು:

"ಬೇಗ ಹೇಳು ತಾಯಿ, ಹಿಂದೆ ಕೂರ್ಲೋ, ಮುಂದೆ ಕೂರ್ಲೋ?"